ಅಕ್ಕ ಊರಿಗೆ ಹೋದ ನಾಲ್ಕು ದಿನ: ಮನೆ ಆರೈಕೆಗೊಂದು ಗುಣಮಟ್ಟದ ಪಾಠ

ಸಂಘದ ಪತ್ರಿಕೆಗೆ ಏನಾದ್ರೂ ಬರಿ ಅಂತ ಸೀನಿಯರ್‌ಗಳು ಎರಡು ಸಲ ಕೇಳಿದ್ರು. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಕವನ ಬರೆಯೋಕೆ ಬರಲ್ಲ. ಅದಕ್ಕೆ ನನಗೆ ಚೆನ್ನಾಗಿ ಅರ್ಥವಾದ ಒಂದು ವಿಷಯವನ್ನ ಪಾಠದ ಥರ ಬರೀತಿದ್ದೀನಿ. ಕಾಗುಣಿತ ತಪ್ಪಿದ್ರೆ ತಿದ್ದಿಕೊಂಡು ಓದಿ.

ಈ ಸೆಮಿಸ್ಟರ್‌ನಲ್ಲಿ ನಮ್ಮ ಸರ್ ಒಬ್ಬರು ಗುಣಮಟ್ಟ ನಿರ್ವಹಣೆಯ ಬಗ್ಗೆ ಎರಡು ಕ್ಲಾಸ್ ತಗೊಂಡ್ರು. ಐಎಸ್‌ಒ 9001, ಆಡಿಟ್, ದಾಖಲೆ, ಸರಿಪಡಿಸುವ ಕ್ರಮ, ಹೀಗೆ. ಉದಾಹರಣೆಗಳೆಲ್ಲ ಬೋಲ್ಟು, ಬೇರಿಂಗು. ಅರ್ಧ ಕ್ಲಾಸ್ ನಿದ್ದೆಗಣ್ಣಲ್ಲೇ ಕೂತಿದ್ದೆ. "ಕೆಲಸ ಗೊತ್ತಿರೋ ಒಬ್ಬ ಆಪರೇಟರ್ ರಜೆ ಹಾಕಿದ ದಿನ ಮಾಲು ಕೆಡುತ್ತೆ ಅಂದ್ರೆ, ತಪ್ಪು ಬದಲಿಗೆ ಬಂದ ಆಪರೇಟರ್‌ದಲ್ಲ, ಸಿಸ್ಟಮ್‌ದು" ಅಂತ ಸರ್ ಅಂದಾಗ ಎಚ್ಚರ ಆಯ್ತು. ಯಾಕಂದ್ರೆ ಅದು ನಮ್ಮನೇಲೇ ನಡೆದಿತ್ತು. ಕೆಟ್ಟಿದ್ದು ಮಾಲಲ್ಲ, ನಮ್ಮಜ್ಜಿಯ ಬೆನ್ನು.

ಮೊದಲು ನಡೆದದ್ದು

ನಮ್ಮೂರು ಅಜ್ಜಂಪುರದ ಹತ್ತಿರ. ಮೊದಲು ಅಜ್ಜಂಪುರ ತರೀಕೆರೆ ತಾಲ್ಲೂಕಿಗೆ ಸೇರಿತ್ತು, ಈಗ ಅದೇ ಒಂದು ತಾಲ್ಲೂಕು. ಹೊರಗಿನವರಿಗೆ ಅಮೃತಮಹಲ್ ದನಗಳ ಕೇಂದ್ರ ಅಂದ್ರೆ ಗೊತ್ತಾಗಬಹುದು. ಅಜ್ಜಿಗೆ ಹೋದ ವರ್ಷ ಲಕ್ವ ಹೊಡೀತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಮಾತು ಅಲ್ಪಸ್ವಲ್ಪ ಬರ್ತಿತ್ತು, ಬಲಗೈ ಬಲಗಾಲಿಗೆ ಶಕ್ತಿ ಇರಲಿಲ್ಲ. ತಾನಾಗೇ ಮಗ್ಗುಲು ಬದಲಾಯಿಸೋಕೂ ಆಗ್ತಿರಲಿಲ್ಲ. ಅಪ್ಪ ತೋಟಕ್ಕೆ ಹೋಗಬೇಕು, ಅಮ್ಮನಿಗೆ ಒಬ್ಬಳಿಗೇ ಎತ್ತಿ ಕೂರಿಸೋಕೆ ಆಗಲ್ಲ. ಹತ್ತಿರದ ಪಟ್ಟಣದ ಒಂದು ಸಣ್ಣ ಏಜೆನ್ಸಿಗೆ ಫೋನ್ ಮಾಡಿದ್ವಿ. ಅವರು ತರೀಕೆರೆ ಕಡೆಯ ಒಬ್ಬ ಅಕ್ಕನನ್ನ ಕಳಿಸಿದ್ರು. ಮನೇಲೇ ಇದ್ದು ನೋಡಿಕೊಳ್ಳೋ ಕೆಲಸ.

ಆ ಅಕ್ಕ ತುಂಬ ಚೆನ್ನಾಗಿ ನೋಡಿಕೊಳ್ತಿದ್ರು. ಎರಡು ಗಂಟೆಗೊಮ್ಮೆ ಅಜ್ಜಿಯನ್ನ ಮಗ್ಗುಲು ತಿರುಗಿಸ್ತಿದ್ರು. ಗಂಜಿ ಕುಡಿಸೋವಾಗ ದಿಂಬು ಒರಗಿಸಿ ನೆಟ್ಟಗೆ ಕೂರಿಸ್ತಿದ್ರು, ಕುಡಿಸಿದ ಮೇಲೂ ಅರ್ಧ ಗಂಟೆ ಮಲಗಿಸ್ತಿರಲಿಲ್ಲ. ಇದೆಲ್ಲ ಅವರ ತಲೇಲಿತ್ತು, ಎಲ್ಲೂ ಬರೆದಿರಲಿಲ್ಲ. ನಾವೂ ಕೇಳಲಿಲ್ಲ.

ಗೌರಿ ಹಬ್ಬಕ್ಕೆ ಅಕ್ಕ ತವರಿಗೆ ಹೊರಟ್ರು. ನಾಲ್ಕು ದಿನಕ್ಕೆ ಏಜೆನ್ಸಿಯವರು ಕಡೂರು ಕಡೆಯಿಂದ ಇನ್ನೊಬ್ಬರನ್ನ ಕಳಿಸಿದ್ರು. ಹಳೇ ಅಕ್ಕ ಬೆಳಗಿನ ಬಸ್ಸಿಗೆ ಹೋದ್ರು, ಹೊಸ ಅಕ್ಕ ಮಧ್ಯಾಹ್ನದ ಬಸ್ಸಿಗೆ ಬಂದ್ರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೊಸ ಅಕ್ಕನೂ ಕೆಟ್ಟವರೇನಲ್ಲ. ಮನೆ ಗುಡಿಸಿದ್ರು, ಅಜ್ಜಿಗೆ ತಲೆ ಬಾಚಿದ್ರು, ಹೊತ್ತುಹೊತ್ತಿಗೆ ಊಟ ಮಾಡಿಸಿದ್ರು. ಅಜ್ಜಿ ಅಂಗಾತ ಮಲಗಿ ನಿದ್ದೆ ಮಾಡ್ತಿದ್ರೆ "ಪಾಪ, ಎಬ್ಬಿಸೋದು ಬೇಡ" ಅಂತ ಸುಮ್ಮನಾದ್ರು.

ನಾನೂ ಆ ನಾಲ್ಕು ದಿನ ಮನೇಲಿದ್ದೆ. ಹಬ್ಬದ ರಜೆಗೆ ಹೋಗಿದ್ದೆ. ಅಜ್ಜಿಯ ಮಂಚದ ಪಕ್ಕದ ಕುರ್ಚೀಲಿ ಕೂತು ಮೊಬೈಲ್ ನೋಡ್ತಾ ಇದ್ದೆ.

ಅಕ್ಕ ವಾಪಸ್ ಬಂದ ದಿನ ಅಜ್ಜಿಗೆ ಮೈ ಒರೆಸೋಕೆ ಮಗ್ಗುಲು ತಿರುಗಿಸಿದವರು ಹಾಗೇ ನಿಂತುಬಿಟ್ರು. ಸೊಂಟದ ಕೆಳಗೆ, ಮೂಳೆ ಒತ್ತೋ ಜಾಗದಲ್ಲಿ, ಅಂಗೈ ಅಗಲ ಕೆಂಪಾಗಿತ್ತು. ನಡುವೆ ಚರ್ಮ ಕಿತ್ತಿತ್ತು. "ತಮ್ಮಾ, ನೀನೂ ಇಲ್ಲೇ ಇದ್ಯಲ್ಲಾ?" ಅಂದ್ರು. ಬೈಯ್ಯಲಿಲ್ಲ, ಅಷ್ಟೇ ಕೇಳಿದ್ದು.

ಆ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದಾಗ ಸಿಕ್ಕಿದ್ದೇ ಈ ಪಾಠ.

ಎರಡು ಗಂಟೆಯ ವಿಜ್ಞಾನ

ಮೊದಲು ಹುಣ್ಣು ಯಾಕಾಗುತ್ತೆ ನೋಡೋಣ. ಒತ್ತಡ ಅಂದ್ರೆ ಬಲವನ್ನ ವಿಸ್ತೀರ್ಣದಿಂದ ಭಾಗಿಸಿದ್ದು, ಇದು ನಮಗೆಲ್ಲ ಗೊತ್ತು. ಮಲಗಿದಾಗ ಮೈಭಾರವೆಲ್ಲ ಕೆಲವೇ ಜಾಗದ ಮೇಲೆ ಬೀಳುತ್ತೆ: ಸೊಂಟದ ಹಿಂಭಾಗ, ಹಿಮ್ಮಡಿ, ಪೃಷ್ಠದ ಪಕ್ಕದ ಮೂಳೆ, ಮೊಣಕೈ. ಅಲ್ಲಿ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿಕೊಂಡ ಸಣ್ಣ ರಕ್ತನಾಳಗಳು ಅಮುಕಿಹೋಗಿ ರಕ್ತ ಓಡಾಡೋದು ನಿಲ್ಲುತ್ತೆ. ನಾವು ನಿದ್ದೇಲೂ ಹೊರಳಾಡ್ತೀವಿ, ಅದಕ್ಕೆ ನಮಗೆ ಏನೂ ಆಗಲ್ಲ. ಹೊರಳೋಕೆ ಆಗದವರಿಗೆ ಆ ಜಾಗದ ಚರ್ಮ, ಮಾಂಸ ಸಾಯೋಕೆ ಶುರುವಾಗುತ್ತೆ. ಅದೇ ಬೆಡ್‌ಸೋರ್, ಹಾಸಿಗೆ ಹುಣ್ಣು.

ಮೊದಲ ಗುರುತು ಒತ್ತಿದ್ರೂ ಮಾಯವಾಗದ ಕೆಂಪು. ಮೈಬಣ್ಣ ಕಪ್ಪಿದ್ದವರಲ್ಲಿ ಕೆಂಪು ಕಾಣಿಸದೇ ಇರಬಹುದು. ಆಗ ಮುಟ್ಟಿ ನೋಡಬೇಕು, ಆ ಜಾಗ ಸುತ್ತಲಿಗಿಂತ ಬಿಸಿಯಾಗಿ ಅಥವಾ ಗಟ್ಟಿಯಾಗಿ ಇರುತ್ತೆ. ಕೆಂಪಾದ ಜಾಗವನ್ನ ಎಣ್ಣೆ ಹಚ್ಚಿ ತಿಕ್ಕಬಾರದು, ಇನ್ನೂ ಹಾಳಾಗುತ್ತೆ. ಸಾಮಾನ್ಯವಾಗಿ ಹೇಳೋ ಲೆಕ್ಕ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸೋದು. ರೋಗಿಯನ್ನ ನೋಡಿ ಡಾಕ್ಟರೋ ನರ್ಸೋ ಅದನ್ನ ಹೆಚ್ಚುಕಮ್ಮಿ ಮಾಡ್ತಾರೆ.

ಈಗ ಒಂದು ಲೆಕ್ಕ. ಎರಡು ಗಂಟೆಗೊಮ್ಮೆ ಅಂದ್ರೆ ದಿನಕ್ಕೆ 12 ಸಲ. ಒಬ್ಬರು ನೂರಕ್ಕೆ 95 ಸಲ ಸರಿಯಾದ ಹೊತ್ತಿಗೆ ತಿರುಗಿಸ್ತಾರೆ ಅಂದುಕೊಳ್ಳಿ. ಒಂದು ಸಲಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ ಅಂತಲೂ ಇಟ್ಟುಕೊಳ್ಳಿ. ದಿನದ 12 ಸಲವೂ ತಪ್ಪದೇ ಇರೋ ಸಂಭವ 0.95ರ 12ನೇ ಘಾತ, ಅಂದ್ರೆ ಸುಮಾರು 0.54. ನೂರು ದಿನದಲ್ಲಿ 54 ದಿನ ಮಾತ್ರ ಎಲ್ಲ ಸಲವೂ ಸರಿ! 95 ಮಾರ್ಕ್ಸ್ ತೆಗೆದವರನ್ನ ನಾವು ಜಾಣರು ಅಂತೀವಿ. ಹಾಗಾಗಿ "ಒಳ್ಳೆಯವರನ್ನ ಕಳಿಸಿ" ಅಂದ್ರೆ ಸಾಲದು. ಒಳ್ಳೆಯವರು ಮರೆತಾಗಲೂ ನೆನಪಿಸೋ ವ್ಯವಸ್ಥೆ ಬೇಕು.

ಗುಣಮಟ್ಟ ಅಂದ್ರೇನು, ಏನಲ್ಲ

ಈ ಮಾತು ಹೊಸದೇನಲ್ಲ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ರೋಗಿಗಳ ಆರೈಕೆ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದ್ರು. ಅದು ಮುಖ್ಯವಾಗಿ ಮನೇಲಿ ರೋಗಿಗಳನ್ನ ನೋಡಿಕೊಳ್ಳೋ ಸಾಮಾನ್ಯ ಹೆಂಗಸರಿಗಾಗಿ ಬರೆದದ್ದು. ಅದರಲ್ಲಿ ಸಣ್ಣಪುಟ್ಟ ವ್ಯವಸ್ಥೆಗಳ ಬಗ್ಗೇನೇ ಒಂದು ಅಧ್ಯಾಯ ಇದೆ. ಸಾರಾಂಶ ಇಷ್ಟು: ನೀವು ಇದ್ದಾಗ ಆಗೋ ಕೆಲಸ ನೀವಿಲ್ಲದಾಗಲೂ ಆಗೋ ಹಾಗೆ ಏರ್ಪಾಡು ಮಾಡದಿದ್ರೆ, ನೀವು ಎಷ್ಟೇ ಚೆನ್ನಾಗಿ ನೋಡಿಕೊಂಡ್ರೂ ಅದು ಅರ್ಧ ಕೆಲಸ. ನಮ್ಮ ಅಕ್ಕನ ನಾಲ್ಕು ದಿನದ ರಜೆಗೆ ಬರೆದ ಹಾಗಿದೆ!

ಆಮೇಲೆ 1966ರಲ್ಲಿ ಅವೆಡಿಸ್ ಡೊನಬೇಡಿಯನ್ ಅನ್ನೋ ವೈದ್ಯರು ಆರೈಕೆಯ ಗುಣಮಟ್ಟವನ್ನ ಮೂರು ಕಡೆಯಿಂದ ನೋಡಿ ಅಂದ್ರು: ರಚನೆ, ಕ್ರಮ, ಫಲ. ನಮ್ಮನೆಗೆ ಹೊಂದಿಸಿದ್ರೆ, ತರಬೇತಿ ಆದ ಅಕ್ಕ, ಒಳ್ಳೇ ಹಾಸಿಗೆ, ಕೈ ತೊಳೆಯೋಕೆ ಸೋಪು ಇರೋದು ರಚನೆ. ಎರಡು ಗಂಟೆಗೊಮ್ಮೆ ತಿರುಗಿಸೋದು ಕ್ರಮ. ಹುಣ್ಣಾಗದೇ ಇರೋದು ಫಲ. ನಾವು ಮನೆಯವರು ಫಲ ಮಾತ್ರ ನೋಡ್ತೀವಿ, ಅಂದ್ರೆ ಹುಣ್ಣಾದ ಮೇಲೆ ಕೂಗಾಡ್ತೀವಿ. ಏಜೆನ್ಸಿಗಳು ಹೆಚ್ಚಾಗಿ ರಚನೆ ತೋರಿಸ್ತಾರೆ, ಅಂದ್ರೆ ಯೂನಿಫಾರ್ಮು, ಐಡಿ ಕಾರ್ಡು. ನಡುವಿನ ಕ್ರಮವನ್ನ ಯಾರೂ ನೋಡಲ್ಲ.

ಆ ಕ್ರಮವನ್ನ ಹಿಡಿಯೋಕೆ ಇರೋದೇ ಐಎಸ್‌ಒ 9001. ಇದು ಮೊದಲು ಬಂದದ್ದು 1987ರಲ್ಲಿ. ನಮಗೆ ಕ್ಲಾಸಲ್ಲಿ ಹೇಳಿದ್ದು 2015ರ ಆವೃತ್ತಿ. ಇದರ ಬಗ್ಗೆ ಮೂರು ತಪ್ಪು ತಿಳಿವಳಿಕೆ ನನಗೂ ಇತ್ತು.

ಒಂದು, ಜಿನೀವಾದ ಐಎಸ್‌ಒ ಸಂಸ್ಥೆಯೇ ಸರ್ಟಿಫಿಕೇಟ್ ಕೊಡುತ್ತೆ ಅನ್ನೋದು. ಕೊಡಲ್ಲ. ಅದು ಮಾನಕ ಬರೆಯುತ್ತೆ ಅಷ್ಟೇ. ಆಡಿಟ್ ಮಾಡಿ ಸರ್ಟಿಫಿಕೇಟ್ ಕೊಡೋರು ಬೇರೆ ಸಂಸ್ಥೆಗಳು. ಆ ಸಂಸ್ಥೆಗಳಿಗೇ ಮಾನ್ಯತೆ ಇದೆಯಾ ಅಂತ ನೋಡೋಕೆ ನಮ್ಮ ದೇಶದಲ್ಲಿ ಭಾರತೀಯ ಗುಣಮಟ್ಟ ಮಂಡಳಿಯ ಕೆಳಗೆ ಎನ್‌ಎಬಿಸಿಬಿ ಅನ್ನೋ ಮಂಡಳಿ ಇದೆ. ಗೋಡೆ ಮೇಲೆ ಫ್ರೇಮ್ ಕಂಡ್ರೆ ಯಾರು ಕೊಟ್ಟಿದ್ದು, ಯಾವ ಕೆಲಸಕ್ಕೆ ಕೊಟ್ಟಿದ್ದು, ಎಲ್ಲೀವರೆಗೆ ಅಂತ ಓದಿ.

ಎರಡು, ಸರ್ಟಿಫಿಕೇಟ್ ಇದ್ರೆ ಸೇವೆ ಚೆನ್ನಾಗಿದೆ ಅನ್ನೋದು. ಅದು ಹೇಳೋದು ಇಷ್ಟೇ: ಹೇಳಿದ್ದನ್ನ ಮಾಡೋಕೆ, ಮಾಡಿದ್ದನ್ನ ಅಳೆಯೋಕೆ, ತಪ್ಪಿದ್ದನ್ನ ತಿದ್ದೋಕೆ ಇವರ ಹತ್ರ ಒಂದು ವ್ಯವಸ್ಥೆ ಇದೆ.

ಮೂರು, ದಪ್ಪ ಕೈಪಿಡಿ ಬೇಕೇ ಬೇಕು ಅನ್ನೋದು. 2015ರ ಆವೃತ್ತಿಯಲ್ಲಿ ಗುಣಮಟ್ಟ ಕೈಪಿಡಿ ಕಡ್ಡಾಯ ಅಲ್ಲ. ಸಂಸ್ಥೆಯ ಗಾತ್ರಕ್ಕೆ, ಕೆಲಸಕ್ಕೆ ತಕ್ಕಷ್ಟು ದಾಖಲೆ ಇದ್ರೆ ಸಾಕು. ಅಂದ್ರೆ ಆರು ಜನರ ಏಜೆನ್ಸಿಗೆ ಒಂದು ನೂರು ಪುಟದ ನೋಟ್‌ಬುಕ್ಕಿನಿಂದಲೇ ಶುರು ಮಾಡಬಹುದು. ಸರ್ಟಿಫಿಕೇಟ್ ತಗೊಳ್ಳದೇ ಮಾನಕವನ್ನ ಪಾಲಿಸೋಕೂ ಯಾರ ಅಪ್ಪಣೆ ಬೇಕಿಲ್ಲ.

ನಮ್ಮ ಮೂರು ತಾಲ್ಲೂಕಿಗೆ ಒಂದು ಏಜೆನ್ಸಿ

ಈಗ ಕಡೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಆರು ಜನ ಆರೈಕೆ ಮಾಡೋರನ್ನ ಇಟ್ಟುಕೊಂಡು, ಕಡೂರು, ತರೀಕೆರೆ, ಅಜ್ಜಂಪುರದ ಎಂಟು ಮನೆ ನೋಡಿಕೊಳ್ಳೋ ಒಂದು ಏಜೆನ್ಸಿ ಕಲ್ಪಿಸಿಕೊಳ್ಳಿ. ಐಎಸ್‌ಒ 9001ರಲ್ಲಿ ಪಾಲಿಸಬೇಕಾದ ವಿಷಯ ಇರೋದು 4ರಿಂದ 10ರವರೆಗಿನ ವಿಭಾಗಗಳಲ್ಲಿ. ಎಲ್ಲವನ್ನೂ ಹೇಳಲ್ಲ, ನಮಗೆ ಬೇಕಾದದ್ದು ಮಾತ್ರ.

4ನೇ ವಿಭಾಗ, ಸುತ್ತಲಿನ ಸ್ಥಿತಿ. ಕಡೂರು, ಬೀರೂರು, ತರೀಕೆರೆ ಬೆಂಗಳೂರು–ಶಿವಮೊಗ್ಗ ಹೆದ್ದಾರಿ ಮೇಲಿವೆ, ಬಸ್ಸಿಗೆ ತೊಂದರೆ ಇಲ್ಲ. ಒಳಗಿನ ಹಳ್ಳಿಗೆ ಬಸ್ಸು ಲೆಕ್ಕದಷ್ಟೇ. ಬೆಂಗಳೂರಿನ ಏಜೆನ್ಸಿ "ಒಂದು ಗಂಟೇಲಿ ಬದಲಿ ಕಳಿಸ್ತೀವಿ" ಅನ್ನಬಹುದು. ಇಲ್ಲಿ ಹಾಗೆ ಬರೆದ್ರೆ ಸುಳ್ಳಾಗುತ್ತೆ. ಆಗೋದನ್ನ ಮಾತ್ರ ಬರೀಬೇಕು, ಬರೆದದ್ದನ್ನ ತಪ್ಪಬಾರದು.

6ನೇ ವಿಭಾಗ, ಅಪಾಯವನ್ನ ಮೊದಲೇ ಯೋಚಿಸೋದು. ನಮ್ಮ ಕಡೆ ಪಟ್ಟಿ ಮಾಡೋದು ಸುಲಭ. ಹಬ್ಬಕ್ಕೆ ಎಲ್ಲರೂ ಒಟ್ಟಿಗೆ ರಜೆ ಕೇಳ್ತಾರೆ. ಅಡಿಕೆ ಕೊಯ್ಲು ಶುರುವಾದ್ರೆ ಸುಲಿಯೋ ಕೆಲಸಕ್ಕೆ ಜನ ಹೋಗ್ತಾರೆ. ಕರೆಂಟ್ ಹೋದ್ರೆ ಏರ್‌ಬೆಡ್ಡಿನ ಪಂಪು ನಿಲ್ಲುತ್ತೆ. ಇವು ಯಾವುವೂ ಆಕಸ್ಮಿಕ ಅಲ್ಲ. ಕ್ಯಾಲೆಂಡರ್‌ನಲ್ಲೇ ಕಾಣಿಸೋ ಹಬ್ಬವನ್ನ ಎಮರ್ಜೆನ್ಸಿ ಅನ್ನೋದು ಹೇಗೆ?

7ನೇ ವಿಭಾಗದಲ್ಲಿ ಕೆಲಸಗಾರರ ಸಾಮರ್ಥ್ಯ ಬರುತ್ತೆ. ಆರೋಗ್ಯ ಕ್ಷೇತ್ರದ ಕೌಶಲ ಮಂಡಳಿಯ ಜನರಲ್ ಡ್ಯೂಟಿ ಅಸಿಸ್ಟೆಂಟ್ ಅನ್ನೋ ತರಬೇತಿ ಇದೆ. ಅದನ್ನ ಮಾಡಿದವರು ಸಿಕ್ಕಿದ್ರೆ ಒಳ್ಳೇದು. ಸಿಗದಿದ್ರೆ ಹೊಸಬರನ್ನ ಒಬ್ಬ ಅನುಭವಸ್ಥರ ಜೊತೆ ಕೆಲವು ದಿನ ಇಟ್ಟು, ತಿರುಗಿಸೋದು, ಕೂರಿಸೋದು, ಕೈ ತೊಳೆಯೋದು, ಊಟ ಮಾಡಿಸೋದು, ಇಷ್ಟನ್ನ ಮಾಡಿ ತೋರಿಸಿ ಅಂತ ಕೇಳಬೇಕು. "ಗೊತ್ತಾ?" ಅಂತ ಕೇಳಿದ್ರೆ ಎಲ್ಲರೂ "ಗೊತ್ತು" ಅಂತಾರೆ.

8ನೇ ವಿಭಾಗ, ದಿನನಿತ್ಯದ ಕೆಲಸ. ಇಲ್ಲಿ ನನಗೆ ಆಶ್ಚರ್ಯ ಆದದ್ದು 8.5.3. ಗ್ರಾಹಕರ ಆಸ್ತಿ ನಮ್ಮ ಕೈಲಿದ್ದಾಗ ಅದನ್ನ ಜೋಪಾನ ಮಾಡಬೇಕು, ಕಳೆದ್ರೆ ಕೆಟ್ರೆ ಅವರಿಗೆ ತಿಳಿಸಿ ದಾಖಲೆ ಇಡಬೇಕು ಅನ್ನುತ್ತೆ. ಕಾರ್ಖಾನೆಗೆ ಅದು ಗ್ರಾಹಕರು ಕೊಟ್ಟ ಅಚ್ಚು. ಮನೆ ಆರೈಕೆಗೆ ಅದು ಬೀಗದಕೈ, ಔಷಧಿ ಡಬ್ಬ, ಅಜ್ಜಿಯ ಬಂಗಾರದ ಬಳೆ. ಮೊದಲ ದಿನವೇ ಏನೇನಿದೆ ಅಂತ ಬರೆದು ಎರಡೂ ಕಡೆಯವರು ಸಹಿ ಹಾಕಿದ್ರೆ, ಮುಂದೆ ಬಳೆ ಕಾಣದಿದ್ದಾಗ ಮೊದಲು ಅಕ್ಕನ ಮುಖ ನೋಡೋದು ತಪ್ಪುತ್ತೆ. ದಾಖಲೆ ಮನೆಯವರನ್ನ ಮಾತ್ರ ಅಲ್ಲ, ಕೆಲಸದವರನ್ನೂ ಕಾಪಾಡುತ್ತೆ.

ಇನ್ನು ನಮ್ಮನೇಲಿ ತಪ್ಪಿದ್ದು ಒಪ್ಪಿಸಿ ಹೋಗೋದು. ಹೋಗೋರು ಬರೋರು ಕನಿಷ್ಠ ಅರ್ಧ ಗಂಟೆ ಒಟ್ಟಿಗೆ ಇರಬೇಕು. ರೋಗಿಯ ಮುಂದೆಯೇ ಮಾತಾಡಬೇಕು, ಮೈ ತಿರುಗಿಸಿ ಚರ್ಮ ಇಬ್ಬರೂ ನೋಡಬೇಕು. ಬಸ್ಸಿನಿಂದಾಗಿ ಸೇರೋಕೆ ಆಗದಿದ್ರೆ ಫೋನಲ್ಲಾದ್ರೂ ಮಾತಾಡಿ, ಪುಟ ಓದಿ ಹೇಳಬೇಕು. ಆ ಪುಟದಲ್ಲಿ ಇರಬೇಕಾದದ್ದು ಆರು ಸಾಲು: ಏನು ಕಾಯಿಲೆ, ಏನು ಮಾಡಲೇಬೇಕು, ಏನು ಮಾಡಲೇಬಾರದು, ಯಾವ ಮಾತ್ರೆ ಎಷ್ಟೊತ್ತಿಗೆ, ಇವತ್ತು ಹೊಸದಾಗಿ ಏನು ಕಂಡಿತು, ತೊಂದರೆ ಆದ್ರೆ ಯಾರಿಗೆ ಫೋನ್. ಮನೆಯವರ ನಂಬರಿನ ಕೆಳಗೆ ಆಂಬ್ಯುಲೆನ್ಸಿನ 108 ದೊಡ್ಡದಾಗಿ ಇರಲಿ. ಹಿರಿಯ ನಾಗರಿಕರ ಸಹಾಯವಾಣಿ 14567 ಕೂಡ ಇರಲಿ.

ನಾನು ಮಾಡಿದ ಚಾರ್ಟು

ಹುಣ್ಣು ಕಂಡ ಮೇಲೆ ನಾನು ಇಂಜಿನಿಯರ್ ಅಲ್ವಾ, ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್‌ನಲ್ಲಿ ಒಂದು ಚಾರ್ಟ್ ಮಾಡಿದೆ. ಪೂರ್ತಿ ಇಂಗ್ಲಿಷು. ಲೆಫ್ಟ್ ಲ್ಯಾಟರಲ್, ರೈಟ್ ಲ್ಯಾಟರಲ್, ಸುಪೈನ್. ಬಣ್ಣದ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿದೆ. ಮಾರನೇ ದಿನ ಸಂಜೆ ನೋಡಿದ್ರೆ 12 ಮನೆಗೂ ಟಿಕ್ ಬಿದ್ದಿತ್ತು. ರಾತ್ರಿ ಎಂಟು, ಹತ್ತು ಗಂಟೆಯದ್ದೂ ಸೇರಿ! ಗಂಟೆ ಇನ್ನೂ ಏಳಾಗಿತ್ತು.

ನನಗೆ ಸಿಟ್ಟು ಬಂತು. ಅಮ್ಮ ಅಡುಗೆಮನೆಗೆ ಕರೆದು, "ಅವಳಿಗೆ ಇಂಗ್ಲಿಷ್ ಓದೋಕೆ ಬರಲ್ಲ ಕಣೋ. ನೀನು ಬೇಜಾರು ಮಾಡ್ಕೋತೀಯ ಅಂತ ಎಲ್ಲಾ ಕಡೆ ಗೀಟು ಹಾಕಿದಾಳೆ" ಅಂದ್ರು.

ಆಮೇಲೆ ಅಕ್ಕನ ಜೊತೆ ಕೂತು ಮತ್ತೆ ಬರೆದ್ವಿ. "ನೀವು ಇದಕ್ಕೆ ಏನಂತೀರ ಅಕ್ಕಾ?" ಅಂತ ಕೇಳ್ತಾ ಹೋದೆ. ಲೆಫ್ಟ್ ಲ್ಯಾಟರಲ್ "ಕಿಟಕಿ ಕಡೆ" ಆಯ್ತು. ರೈಟ್ ಲ್ಯಾಟರಲ್ "ಗೋಡೆ ಕಡೆ". ಸುಪೈನ್ "ಅಂಗಾತ". ಎಡ ಬಲದಲ್ಲಿ ನನ್ನ ಎಡವೋ ಅಜ್ಜಿಯ ಎಡವೋ ಅಂತ ಗೊಂದಲ ಆಗುತ್ತೆ, ಕಿಟಕಿ ಗೋಡೇಲಿ ಆಗಲ್ಲ. ನನ್ನ ಚಾರ್ಟಿಗಿಂತ ಅವರ ಚಾರ್ಟೇ ಚೆನ್ನಾಗಿತ್ತು. ಕೊನೇ ಸಾಲಿಗೆ ಅವರೇ ಸೇರಿಸಿದ್ದು: "ಬೆನ್ನು ನೋಡಿದೆ."

ಈ ಸೆಮಿಸ್ಟರ್ ಕ್ಲಾಸಲ್ಲಿ 7.5.2 ಬಂದಾಗ ನಾನು ನಗಾಡಿಬಿಟ್ಟೆ. ದಾಖಲೆಯ ರೂಪ ಸರಿಯಾಗಿರಬೇಕು ಅಂತ ಹೇಳೋವಾಗ ಆ ಮಾನಕ ಕೊಡೋ ಮೊದಲ ಉದಾಹರಣೆಯೇ ಭಾಷೆ. ಕನ್ನಡದಲ್ಲಿ ಬರೀರಿ ಅನ್ನೋದು ಬರೀ ಅಭಿಮಾನದ ಮಾತು ಅಂತ ನಾನು ಅಂದುಕೊಂಡಿದ್ದೆ. ಅಲ್ಲ, ಅದು ಗುಣಮಟ್ಟದ ಷರತ್ತು. ಕೆಲಸ ಮಾಡೋರಿಗೆ ಓದೋಕಾಗದ ಮಾನಕ ಗೋಡೆಗೆ ಅಂಟಿಸಿದ ಬಣ್ಣದ ಕಾಗದ ಅಷ್ಟೇ. ಓದೋಕೇ ಬರದವರಿದ್ರೆ ಚಿತ್ರ ಬರೀಬೇಕು.

ವ್ಯಕ್ತಿ ಬದಲಾಯಿಸಿದ್ರೆ ಆಯ್ತಾ?

ಏಜೆನ್ಸಿಗೆ ಫೋನ್ ಮಾಡಿದಾಗ ಅವರು ಒಳ್ಳೇ ಮಾತಲ್ಲೇ ಹೇಳಿದ್ರು: "ಸಾರಿ ಸಾರ್, ಆ ಹೆಂಗಸನ್ನ ಇನ್ನು ನಿಮ್ಮನೆಗೆ ಕಳಿಸಲ್ಲ." ಅಪ್ಪನಿಗೆ ಸಮಾಧಾನ ಆಯ್ತು. ನನಗೂ ಆವತ್ತು ಸರಿ ಅನ್ನಿಸ್ತು.

10ನೇ ವಿಭಾಗ ಓದಿದ ಮೇಲೆ ಸರಿ ಅನ್ನಿಸಲಿಲ್ಲ. ಅಲ್ಲಿ ಎರಡು ಬೇರೆ ಬೇರೆ ವಿಷಯ ಇದೆ. ಆದ ತಪ್ಪನ್ನ ಸರಿಮಾಡೋದು ಒಂದು: ಹುಣ್ಣಿಗೆ ಡ್ರೆಸ್ಸಿಂಗ್ ಮಾಡಿಸೋದು. ತಪ್ಪಿನ ಕಾರಣವನ್ನೇ ತೆಗೆಯೋದು ಇನ್ನೊಂದು. ಕಾರಣ ಹುಡುಕೋಕೆ ಟೊಯೋಟಾದವರು ಬಳಕೆಗೆ ತಂದ ಐದು 'ಯಾಕೆ' ವಿಧಾನ ಇದೆ. ಮಾಡಿ ನೋಡೋಣ.

ಹುಣ್ಣು ಯಾಕಾಯ್ತು? ಮಗ್ಗುಲು ತಿರುಗಿಸಲಿಲ್ಲ.
ಯಾಕೆ? ಹೊಸ ಅಕ್ಕನಿಗೆ ತಿರುಗಿಸಬೇಕು ಅಂತ ಗೊತ್ತಿರಲಿಲ್ಲ.
ಯಾಕೆ? ಯಾರೂ ಹೇಳಿರಲಿಲ್ಲ.
ಯಾಕೆ? ಗೊತ್ತಿದ್ದದ್ದು ಹಳೇ ಅಕ್ಕನ ತಲೇಲಿ ಮಾತ್ರ, ಅವರಿಬ್ಬರೂ ಸೇರಲೇ ಇಲ್ಲ.
ಯಾಕೆ? ಏಜೆನ್ಸಿಯ ರಿಜಿಸ್ಟರ್‌ನಲ್ಲಿ ಹೆಸರು, ಫೋನು, ದುಡ್ಡಿಗೆ ಮಾತ್ರ ಜಾಗ ಇತ್ತು. ಆರೈಕೆ ಬರೆಯೋಕೆ ಜಾಗವೇ ಇರಲಿಲ್ಲ.

ನೋಡಿ, ಕೊನೆಗೆ ಸಿಕ್ಕಿದ್ದು ಒಂದು ಖಾಲಿ ಪುಟ. ಆ ಪುಟ ಸೇರಿಸದೇ ಅಕ್ಕನನ್ನ ತೆಗೆದುಹಾಕಿದ್ರೆ ಮುಂದಿನ ಹಬ್ಬಕ್ಕೆ ಇನ್ನೊಂದು ಮನೇಲಿ ಇದೇ ಆಗುತ್ತೆ.

ತಪ್ಪು ಹೇಳಿದವರ ಕೆಲಸ ಹೋಗುತ್ತೆ ಅಂದ್ರೆ ಇನ್ನೊಂದು ತೊಂದರೆಯೂ ಇದೆ. ಮುಂದಿನ ಸಲ ಕೆಂಪು ಕಂಡವರು ಮುಚ್ಚಿಡ್ತಾರೆ. ಕೆಂಪಿದ್ದಾಗಲೇ ಹೇಳಿದ್ರೆ ವಾಸಿಯಾಗೋದು ಸುಲಭ, ಮುಚ್ಚಿಟ್ರೆ ಹುಣ್ಣು ಆಳಕ್ಕೆ ಹೋಗುತ್ತೆ.

9ನೇ ವಿಭಾಗ ಅಳತೆ. ಎಂಟು ಮನೆಯ ಏಜೆನ್ಸಿ ಶೇಕಡಾ ಲೆಕ್ಕ ಹಾಕೋದು ಬೇಡ ಅನ್ಸುತ್ತೆ. ಒಬ್ಬರು ಬಿದ್ರೆ ಅದು ಶೇಕಡಾ 12.5, ಮುಂದಿನ ತಿಂಗಳು ಸೊನ್ನೆ. ಅದರಿಂದ ಏನೂ ಗೊತ್ತಾಗಲ್ಲ. ಬದಲಿಗೆ ತಿಂಗಳಿಗೊಮ್ಮೆ ಎಲ್ಲರೂ ಕೂತು ನಾಲ್ಕು ವಿಷಯ ಎಣಿಸಲಿ: ಯಾರಾದ್ರೂ ಬಿದ್ರಾ, ಹೊಸ ಹುಣ್ಣಾಯ್ತಾ, ಮಾತ್ರೆ ತಪ್ಪಿತಾ, ಒಪ್ಪಿಸದೇ ಬದಲಿ ಆಯ್ತಾ. ಒಂದೊಂದನ್ನೂ ಐದು 'ಯಾಕೆ' ಕೇಳಲಿ. ಅಷ್ಟೇ ಅವರ ಆಡಿಟ್.

ರಾತ್ರಿ ಎರಡು ಗಂಟೆಗೆ ಯಾರು ಏಳ್ತಾರೆ?

ಈ ಪ್ರಶ್ನೆ ನಾನು ಕೇಳಿಕೊಂಡದ್ದು ಕೊನೆಗೆ. ಮೊದಲೇ ಕೇಳಬೇಕಿತ್ತು. ದಿನಕ್ಕೆ 12 ಸಲ ತಿರುಗಿಸಬೇಕು, ಮನೇಲಿ ಇರೋ ಅಕ್ಕ ಒಬ್ಬರೇ. ಅಂದ್ರೆ ರಾತ್ರಿ ಹತ್ತು, ಹನ್ನೆರಡು, ಎರಡು, ನಾಲ್ಕು, ಬೆಳಗಿನ ಆರು. ಯಾವ ರಾತ್ರಿಯೂ ಎರಡು ಗಂಟೆಗಿಂತ ಹೆಚ್ಚು ನಿದ್ದೆ ಇಲ್ಲ. ನಾನು ಪರೀಕ್ಷೆ ಹಿಂದಿನ ದಿನ ಒಂದು ರಾತ್ರಿ ನಿದ್ದೆಗೆಟ್ರೆ ಮಾರನೇ ದಿನ ಕ್ಯಾಲ್ಕುಲೇಟರ್ ಒತ್ತೋದೂ ತಪ್ಪುತ್ತೆ. ಅಕ್ಕ ಅದನ್ನ ತಿಂಗಳುಗಟ್ಟಲೆ ಮಾಡಿದ್ರು. ನಾವು ಚೆನ್ನಾಗಿ ನೋಡಿಕೊಳ್ತಾರೆ ಅಂತ ಹೊಗಳಿಕೊಂಡು ಮಲಗ್ತಿದ್ವಿ.

ಹಾಗಾಗಿ ಕ್ರಮ ಬರೆಯೋವಾಗ ಅದನ್ನ ಮಾಡೋಕೆ ಎಷ್ಟು ಜನ ಬೇಕು ಅಂತಲೂ ಬರೀಬೇಕು. ಇಲ್ಲದಿದ್ರೆ ಅದು ಸುಳ್ಳು ಟಿಕ್ಕಿಗೆ ನಾವೇ ಕೊಟ್ಟ ಆಹ್ವಾನ. ಈಗ ನಮ್ಮನೇಲಿ ಹನ್ನೆರಡು ಗಂಟೆಯದ್ದು ಅಪ್ಪ, ಎರಡು ಗಂಟೆಯದ್ದು ಅಮ್ಮ. ನಾನು ಊರಿಗೆ ಹೋದಾಗ ಎರಡೂ ನಂದೇ. ವಾರಕ್ಕೊಂದು ದಿನ ಅಕ್ಕನಿಗೆ ರಜೆ. ಅವತ್ತು ಪುಟ ನೋಡಿಕೊಂಡು ನಾವೇ ಮಾಡ್ತೀವಿ.

ಅಕ್ಕಂದಿರ ಸುರಕ್ಷತೆಯೂ ಇದರಲ್ಲೇ ಬರುತ್ತೆ. ಗೊತ್ತಿಲ್ಲದ ಮನೇಲಿ ಒಬ್ಬರೇ ರಾತ್ರಿ ಇರಬೇಕು. ಕೆಲಸದ ಸ್ಥಳದಲ್ಲಿ ಮಹಿಳೆಯರಿಗೆ ಲೈಂಗಿಕ ಕಿರುಕುಳ ತಡೆಯೋಕೆ 2013ರಲ್ಲಿ ಬಂದ ಕಾಯ್ದೆ ವಾಸದ ಮನೆಯನ್ನೂ ಕೆಲಸದ ಸ್ಥಳ ಅಂತಲೇ ಪರಿಗಣಿಸುತ್ತೆ. ಹತ್ತು ಜನರಿಗಿಂತ ಕಡಿಮೆ ಇರೋ ಸಂಸ್ಥೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ನಮ್ಮ ಆರು ಜನರ ಏಜೆನ್ಸಿಯ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಇದು ಕನ್ನಡದಲ್ಲಿ ಇರಬೇಕು.

ಸಣ್ಣ ಊರಲ್ಲಿ ಇದೆಲ್ಲ ಆಗುತ್ತಾ?

ಆಗುತ್ತೆ ಅನ್ನೋಕೆ ಉದಾಹರಣೆ ಇದೆ. ಕೇರಳದ ಕೋಝಿಕ್ಕೋಡಿನಲ್ಲಿ 1993ರಲ್ಲಿ ನೋವು ಉಪಶಮನಕ್ಕೆ ಅಂತ ಒಂದು ಸೊಸೈಟಿ ಶುರುವಾಯ್ತು. ಊರಿನ ಸಾಮಾನ್ಯ ಜನಕ್ಕೇ ತರಬೇತಿ ಕೊಟ್ಟು, ನರ್ಸ್‌ಗಳ ಜೊತೆ ಮನೆಮನೆಗೆ ಹೋಗೋ ಪದ್ಧತಿ ಅಲ್ಲಿಂದ ಹಳ್ಳಿಗಳಿಗೆ ಹಬ್ಬಿತು. 2008ರಲ್ಲಿ ಕೇರಳ ಸರ್ಕಾರ ಅದಕ್ಕೊಂದು ನೀತಿಯನ್ನೇ ಮಾಡ್ತು. ನಮ್ಮಲ್ಲಿ ಬೆಂಗಳೂರಿನ ಕರುಣಾಶ್ರಯ ಕ್ಯಾನ್ಸರ್ ಕೊನೇ ಹಂತದಲ್ಲಿ ಇರೋರಿಗೆ ಉಚಿತವಾಗಿ ಆಶ್ರಯ ಕೊಡೋದಲ್ಲದೆ ಮನೆಗೂ ಹೋಗಿ ನೋಡಿಕೊಳ್ಳುತ್ತೆ. ಇವು ಸೇವಾ ಸಂಸ್ಥೆಗಳು, ಏಜೆನ್ಸಿ ಅಲ್ಲ, ನಿಜ. ಆದ್ರೆ ಮನೇಲಿ ಆರೈಕೆ ಅನ್ನೋದನ್ನ ಕಲಿಸಬಹುದು, ಬರೆದಿಡಬಹುದು, ಒಬ್ಬರಿಂದ ಒಬ್ಬರಿಗೆ ದಾಟಿಸಬಹುದು ಅನ್ನೋದಕ್ಕೆ ಸಾಕ್ಷಿ.

ನಿಮ್ಮನೆಗೆ ಯಾರನ್ನಾದ್ರೂ ಕರೆಸೋ ಮುಂಚೆ ಏಜೆನ್ಸಿಗೆ ಈ ಪ್ರಶ್ನೆ ಕೇಳಿ: ಇವರು ರಜೆ ಹೋದ್ರೆ ಬರೋರಿಗೆ ಯಾರು, ಹೇಗೆ ಹೇಳ್ತಾರೆ? ಆರೈಕೆ ಬರೆದಿಡೋ ಪುಸ್ತಕ ತೋರಿಸ್ತೀರಾ? ಅದು ಯಾವ ಭಾಷೇಲಿದೆ? ಇವರಿಗೆ ವಾರದ ರಜೆ, ರಾತ್ರಿ ನಿದ್ದೆ ಹೇಗೆ? ಹಿಂದೆ ತಪ್ಪಾದಾಗ ಏನು ಬದಲಾಯಿಸಿದ್ರಿ? ಕೊನೇ ಪ್ರಶ್ನೆಗೆ "ತಪ್ಪೇ ಆಗಿಲ್ಲ" ಅಂದ್ರೆ ಸ್ವಲ್ಪ ಯೋಚನೆ ಮಾಡಿ.

ಅಭ್ಯಾಸ

ಪಾಠ ಅಂದ ಮೇಲೆ ಅಭ್ಯಾಸ ಇರಲೇಬೇಕು.

1. ನಿಮ್ಮನೇಲಿ ಒಬ್ಬರ ತಲೇಲಿ ಮಾತ್ರ ಇರೋ ಒಂದು ಮುಖ್ಯ ವಿಷಯ ಯಾವುದು? ಅಜ್ಜನ ಮಾತ್ರೆ ಹೊತ್ತು, ತೋಟದ ಮೋಟರ್ ಹಾಕೋ ಕ್ರಮ, ಏನಾದ್ರೂ ಸರಿ. ಅದನ್ನ ಆರು ಸಾಲಲ್ಲಿ ಬರೆಯಿರಿ.
2. ಬರೆದದ್ದನ್ನ ಅದು ಗೊತ್ತಿಲ್ಲದವರ ಕೈಗೆ ಕೊಟ್ಟು ಮಾಡೋಕೆ ಹೇಳಿ. ಎಲ್ಲಿ ಎಡವಿದ್ರು ಅಂತ ಗುರುತು ಹಾಕಿ. ಎಡವಿದ್ದು ನಿಮ್ಮ ಬರಹದ ತಪ್ಪು, ಅವರದ್ದಲ್ಲ.
3. ಅವರ ಮಾತಲ್ಲೇ ಮತ್ತೆ ಬರೆಯಿರಿ.

ಅಜ್ಜಿಯ ಹುಣ್ಣು ಒಣಗೋಕೆ ಎರಡು ತಿಂಗಳ ಮೇಲೆ ಹಿಡೀತು. ಡ್ರೆಸ್ಸಿಂಗ್ ಮಾಡೋವಾಗ ಅಜ್ಜಿ ಕಚ್ಚಿ ಹಿಡಿದ ಸೆರಗಿನ ತುದಿ ನಾನು ನೋಡಿದ್ದೀನಿ, ಅದು ನನಗೆ ಮರೆಯಲ್ಲ. ಈಗ ಚರ್ಮ ಕೂಡಿದೆ. ಮೊನ್ನೆ ಊರಿಗೆ ಹೋದಾಗ ರಾತ್ರಿ ಎರಡು ಗಂಟೆಗೆ ಅಲಾರಂ ಹೊಡೀತು. ಎದ್ದು ಗೋಡೆ ಮೇಲಿನ ಪುಟ ನೋಡಿದೆ, "ಕಿಟಕಿ ಕಡೆ" ಅಂತ ಇತ್ತು. ತಿರುಗಿಸಿದೆ. "ಯಾರು, ಮಗಾ ನೀನಾ?" ಅಂದ್ರು ಅಜ್ಜಿ. "ಹ್ಞೂಂ ಅಜ್ಜೀ" ಅಂದೆ. ಬೆನ್ನು ನೋಡಿ, ಟಿಕ್ ಹಾಕಿ, ಮಲಗಿದೆ.